ವಿಷಮದಲ್ಲಿ ವಿಷವೆಷ್ಟು

ಮಾರ್ಚ್ ೪

ಕಾಗದದ ತಲೆಯ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡಿ. ಏಳು ವರ್ಷ ನಿಮ್ಮನ್ನು ಅತ್ತೆ ಎಂದು ಕರೆದ ಬಾಯಿ ಇದು. ಆದರೆ ನಿಮ್ಮ ಮಗನೂ ನಾನೂ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾದ ಮೇಲೆ ಆ ಪದ ಇನ್ನೂ ನನ್ನದೋ, ಮನೆಯ ಬೀಗದ ಕೈ ಜೊತೆಗೆ ಅದನ್ನೂ ಒಪ್ಪಿಸಿ ಬರಬೇಕಿತ್ತೋ ತಿಳಿಯಲಿಲ್ಲ. 'ಮಾಜಿ ಅತ್ತೆಯವರಿಗೆ' ಎಂದು ಬರೆದು ನೋಡಿದೆ. ಚುನಾವಣೆಯಲ್ಲಿ ಸೋತವರಿಗೆ ಬರೆದ ಹಾಗಿತ್ತು. ಹರಿದು ಹಾಕಿದೆ.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ದಿನ ಕೋರ್ಟಿನ ಮೆಟ್ಟಿಲ ಮೇಲೆ ನೀವು ನನ್ನ ಕೈಗೆ ಚಹಾದ ಫ್ಲಾಸ್ಕ್ ಕೊಟ್ಟು, "ಬಸ್ಸಲ್ಲಿ ಕುಡಿ, ಆರಿಹೋದ್ರೆ ಚೆನ್ನಾಗಿರಲ್ಲ" ಎಂದಿರಿ. ಆ ಚಹಾ ಕುಡಿಯುತ್ತಲೇ ಈ ಊರು ತಲುಪಿದೆ. ಅದಕ್ಕೊಂದು ಧನ್ಯವಾದ ಹೇಳಲು ನನಗೆ ಇಷ್ಟು ತಿಂಗಳು ಹಿಡಿಯಿತು. ಫ್ಲಾಸ್ಕ್ ಇನ್ನೂ ನನ್ನ ಹತ್ತಿರವೇ ಇದೆ.

ಇಲ್ಲಿನ ನಗರಸಭೆಯ ಆರೋಗ್ಯ ವಿಭಾಗದಲ್ಲಿ ಕೆಲಸ. ಪ್ರಕಟಣೆಗಳನ್ನು ಬರೆಯುವುದು ನನ್ನ ಪಾಲು. ನಾಯಿಗೆ ಚುಚ್ಚುಮದ್ದು ಹಾಕಿಸಿ, ಚರಂಡಿಗೆ ಕಸ ಹಾಕಬೇಡಿ, ಇಂಥವು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಎದುರಿಗೇ ಒಂದು ಊಟದ ಮನೆ. ಅದನ್ನು ನಡೆಸುವಾಕೆಗೆ ಸೌಟಕ್ಕ ಎಂದು ಹೆಸರು. ಸೌಟು ಕೈಯಲ್ಲಿ ಹಿಡಿದೇ ಮಾತಾಡುತ್ತಾಳೆ, ಮಾತು ಮುಗಿದಾಗ ಪಾತ್ರೆಯ ಅಂಚಿಗೆ ಒಂದು ಏಟು ಹಾಕುತ್ತಾಳೆ. ಅದೇ ಅವಳ ಪೂರ್ಣವಿರಾಮ. ಬಂದ ಮೊದಲ ವಾರ ನಾನು ಸರಿಯಾಗಿ ಉಣ್ಣುತ್ತಿಲ್ಲವೆಂದು ಗಮನಿಸಿದವಳು ಅವಳೊಬ್ಬಳೇ.

ಈಗ ಅವಳಿಗೆ ನನ್ನಿಂದಲೇ ಕೇಡಾಗಿದೆ. ಬೀದಿಯಲ್ಲಿ ಟೈಫಾಯಿಡ್ ಕಾಣಿಸಿಕೊಂಡಿತು. ಪ್ರಕಟಣೆ ಬರೆದುಕೊಡು ಎಂದರು. ಇಲಾಖೆಯ ಪದಕೋಶ ತೆಗೆದು 'ವಿಷಮಶೀತಜ್ವರ, ನೀರು ಕುದಿಸಿ ಕುಡಿಯಿರಿ' ಎಂದು ಬರೆದುಕೊಟ್ಟೆ. ನಲ್ಲಿಯ ಪಕ್ಕ, ಸೌಟಕ್ಕನ ಬಾಗಿಲಿಗೆ ಹತ್ತಿಕೊಂಡೇ, ಒಂದು ಬೋರ್ಡು ನಿಂತಿತು. ಬೋರ್ಡು ಕಿರಿದು, ಪದ ಉದ್ದ. ಪೇಂಟರ್ ಪದವನ್ನು ಎರಡು ತುಂಡು ಮಾಡಿದ. ಮೇಲಿನ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ವಿಷ'. ಕೆಳಗಿನ ಸಾಲಿನಲ್ಲಿ ಸಣ್ಣದಾಗಿ 'ಮಶೀತಜ್ವರ'. ಈಗ ಊಟದ ಮನೆಯ ಬಾಗಿಲಲ್ಲಿ ವಿಷ ಎಂದು ಬರೆದಿದೆ. ಸೌಟಕ್ಕ ಊಟಕ್ಕೆ ಏನೋ ಹಾಕಿದ್ದಾಳೆ, ನಗರಸಭೆಯೇ ಬೋರ್ಡು ಹಾಕಿದೆ ಎಂದು ಬೀದಿಯ ಮಾತು. ಬೆಂಚುಗಳು ಖಾಲಿ ಬಿದ್ದಿವೆ.

ಆ ಜ್ವರಕ್ಕೆ ಬೇರೇನು ಹೇಳಬಹುದು? ಪದದ ವಿಷಯದಲ್ಲಿ ನಿಮ್ಮನ್ನು ಬಿಟ್ಟು ಕೇಳಲು ನನಗೆ ಬೇರೆ ಯಾರೂ ಇಲ್ಲ. ಪದದ ವಿಷಯದಲ್ಲಿ ಮಾತ್ರವಲ್ಲ ಎಂದೂ ಬರೆಯಬೇಕಿತ್ತು. ಬರೆದೇಬಿಟ್ಟೆ.

ಇಂತಿ,
ನಿಮಗೆ ಗೊತ್ತಿರುವವಳು


ಮಾರ್ಚ್ ೧೧

ಮಗು,

ನಿನ್ನ ಖಾಲಿ ಸಾಲು ತಲುಪಿತು. ಆಯುಷ್ಯವೆಲ್ಲ ಗಣಿತ ಪಾಠ ಮಾಡಿದವಳಿಗೆ ಖಾಲಿ ಉತ್ತರ ಹೊಸದೇನಲ್ಲ. ಅದಕ್ಕೆ ಸೊನ್ನೆ ಕೊಟ್ಟೂ ಗೊತ್ತು, ಪಕ್ಕದಲ್ಲಿ 'ಮತ್ತೊಮ್ಮೆ ಪ್ರಯತ್ನಿಸು' ಎಂದು ಬರೆದೂ ಗೊತ್ತು. ನಿನಗೆ ಎರಡನೆಯದು. ಸುಳಿವು ಬೇಕಿದ್ದರೆ ಕೇಳು. ನಮ್ಮ ಭಾಷೆಯಲ್ಲಿ ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮೂರು ಬಾಗಿಲಿರುವ ಮನೆಯಲ್ಲಿ ಒಂದು ಮುಚ್ಚಿತೆಂದು ಬೀದಿಯಲ್ಲಿ ನಿಲ್ಲುವವರುಂಟೇ?

ಫೋನ್ ಮಾಡದೆ ಕಾಗದ ಬರೆದದ್ದು ಒಳ್ಳೆಯದಾಯಿತು. ನನ್ನ ಎಡಗಿವಿ ಪೂರ್ತಿ ರಜೆ ಹಾಕಿದೆ. ಬಲಗಿವಿ ಅರ್ಧ ದಿನ ಕೆಲಸ ಮಾಡುತ್ತದೆ, ಅದೂ ಮನಸ್ಸು ಬಂದರೆ. ಫೋನಿನಲ್ಲಿ ಬಂದ ಮಾತಿನ ಬಾಲವಷ್ಟೇ ನನ್ನ ಕೈಗೆ ಸಿಗುತ್ತದೆ.

ಇನ್ನು ನಿನ್ನ ಪದ. ಪಾಪ, ಅದರದ್ದೇನೂ ತಪ್ಪಿಲ್ಲ. ವಿಷಮ ಎಂದರೆ ಸಮವಲ್ಲದ್ದು. 'ವಿ'ಯ ಪಕ್ಕ ಬಂದು ಕೂತದ್ದಕ್ಕೆ ಸಮದ ಸಕಾರ ಷಕಾರವಾಯಿತು, ಅಷ್ಟೇ. ವಿಷ ಅದಕ್ಕೆ ದೂರದ ನೆಂಟನೂ ಅಲ್ಲ. ಒಂದೇ ಸಮನಿರದೆ ಬಿಟ್ಟುಬಿಟ್ಟು ಬರುವ ಜ್ವರವನ್ನು ಹಳೆಯ ವೈದ್ಯರು ವಿಷಮಜ್ವರ ಎಂದರು. ಆಮೇಲೆ ಯಾರೋ ಪುಣ್ಯಾತ್ಮರು ಅದಕ್ಕೆ ಚಳಿಯ ಶೀತವನ್ನೂ ಸೇರಿಸಿ ಟೈಫಾಯಿಡ್‌ನ ಕೊರಳಿಗೆ ಕಟ್ಟಿದರು. ಇದೇ ವಿಷಮವನ್ನು ಮಕ್ಕಳು ಶಾಲೆಯಲ್ಲಿ ಹೆದರದೆ ಓದುತ್ತಾರೆ. ಅಂಶ ಛೇದಕ್ಕಿಂತ ದೊಡ್ಡದಾದರೆ ವಿಷಮ ಭಿನ್ನರಾಶಿ. ನನ್ನನ್ನು ಭಿನ್ನರಾಶಿ ಟೀಚರ್ ಎಂದು ಕರೆದ ಅಷ್ಟೂ ಮಕ್ಕಳಲ್ಲಿ ಒಬ್ಬರಿಗೂ ಅದರಿಂದ ವಿಷವೇರಿದ್ದು ನಾನು ಕಂಡಿಲ್ಲ. ನಿದ್ದೆ ಬಂದಿರಬಹುದು.

ಆದ್ದರಿಂದ ಪದ ಬದಲಿಸಬೇಡ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಬೇಡ. ಜನರನ್ನು ಕೂರಿಸಿ ಅರ್ಥ ಹೇಳು. ಹೇಳಿದರೆ ತಿಳಿಯದ ಜನ ಎಲ್ಲೂ ಇಲ್ಲ.

ನೀನು ಕಾಗದ ಬರೆದೆ. ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದೆ. ಧನ್ಯವಾದ ನಾನೇ ಹೇಳಬೇಕು.

ಇಂತಿ,
ಭಿನ್ನರಾಶಿ


ಮಾರ್ಚ್ ೨೦

ಟೀಚರ್,

ಸದ್ಯಕ್ಕೆ ಹೀಗೆ ಕರೆಯುತ್ತೇನೆ. ಸುಳಿವು ಅರ್ಥವಾಯಿತು. ಧೈರ್ಯ ಇನ್ನೂ ಬಂದಿಲ್ಲ.

ನೀವು ಹೇಳಿದಂತೆಯೇ ಪಾಠ ಮಾಡಿದೆ. ಸಂಜೆ ನೀರಿಗೆ ಬಂದವರನ್ನೆಲ್ಲ ನಿಲ್ಲಿಸಿ, ಸೈಕಲ್ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಡೆ 'ವಿ', ಇನ್ನೊಂದು ಕಡೆ 'ಸಮ' ಎಂದು ಬರೆದು, ಎರಡೂ ಕೂಡಿದರೆ ವಿಷಮ, ಅಂದರೆ ಸಮ ಇಲ್ಲದ್ದು ಎಂದೆ. ಎಲ್ಲರೂ ತಲೆದೂಗಿದರು. ನಾನು ಗೆದ್ದೆ ಎಂದುಕೊಂಡೆ. ಸೈಕಲ್ ಅಂಗಡಿಯವನು ಬಹಳ ಗಂಭೀರವಾಗಿ ಕೈ ಎತ್ತಿದ.

"ಅಂದ್ರೆ ಮೇಡಂ, ವಿಷಾನ ಎಲ್ಲರಿಗೂ ಸಮವಾಗಿ ಹಾಕಿಲ್ಲ ಅಂತ ತಾನೇ? ಅದಕ್ಕೇ ಕೆಲವರಿಗೆ ಮಾತ್ರ ಜ್ವರ ಬಂದಿದೆ."

ಆ ವಿವರಣೆ ಬೀದಿಗೆ ತುಂಬಾ ಹಿಡಿಸಿತು. ಮರುದಿನದ ಹೊತ್ತಿಗೆ ಸೌಟಕ್ಕ ಯಾರ ತಟ್ಟೆಗೆ ಎಷ್ಟು ಹಾಕಿದಳು ಎಂಬ ಲೆಕ್ಕಾಚಾರವೂ ಶುರುವಾಯಿತು. ನಿಮ್ಮ ಮೇಲೆ ಸಿಟ್ಟು ಬಂತು ಎಂದರೆ ಬೇಸರಿಸಬೇಡಿ. ಆಮೇಲೆ ನಗುವೂ ಬಂತು.

ಬೋರ್ಡು ಬದಲಿಸಿ ಎಂದು ಆರೋಗ್ಯಾಧಿಕಾರಿಗಳನ್ನು ಕೇಳಿದೆ. "ಪದಕೋಶದಲ್ಲಿ ಇರೋದು ಅದೇ ಪದ. ಬದಲಿಸೋಕೆ ನಿಮಗೂ ಅಧಿಕಾರ ಇಲ್ಲ, ನನಗೂ ಇಲ್ಲ" ಎಂದರು. ಕೆಟ್ಟವರಲ್ಲ. ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಹುಡುಕಿಸುತ್ತಾ ಓಡಾಡುತ್ತಿದ್ದಾರೆ. ಪದದ ಬಗ್ಗೆ ಯೋಚಿಸಲು ಅವರಿಗೆ ಬಿಡುವಿಲ್ಲ.

ಬರೆದು ಆಗದ್ದನ್ನು ಉಂಡಾದರೂ ಮಾಡೋಣವೆಂದು, ಎರಡು ಹೊತ್ತೂ ಸೌಟಕ್ಕನಲ್ಲಿ ಬೀದಿಗೆ ಕಾಣುವ ಮುಂದಿನ ಬೆಂಚಿನಲ್ಲೇ ಕೂತು ಊಟ ಮಾಡುತ್ತಿದ್ದೇನೆ. ಜನ ನೋಡಿಕೊಂಡು ಹೋಗುತ್ತಾರೆ, ಒಳಗೆ ಬರುವುದಿಲ್ಲ. "ನೀನೊಬ್ಬಳೇ ಎಷ್ಟು ಅಂತ ತಿಂತೀಯಾ ತಾಯಿ? ನನ್ನ ಪಾತ್ರೆ ದೊಡ್ಡದು" ಎಂದಳು ಸೌಟಕ್ಕ. ಅಂಚಿಗೆ ಏಟು ಹಾಕುವುದನ್ನು ಮರೆತಳು.

ನಿಮ್ಮ ಮನೆಯ ಒಂದು ಸುದ್ದಿ ಯಾರದೋ ಬಾಯಿಂದ ನನ್ನ ಕಿವಿಗೆ ಬಿತ್ತು. ನೀವು ಬರೆದಿಲ್ಲ, ಆದ್ದರಿಂದ ನಾನೂ ಕೇಳುವುದಿಲ್ಲ.

ಎರಡು ದಿನದಿಂದ ತಲೆ ಭಾರ. ಬಿಸಿಲಿರಬೇಕು.

ಇಂತಿ,
ಫೇಲಾದ ಟೀಚರ್


ಏಪ್ರಿಲ್ ೨

ಟೀಚರಮ್ಮನವರಿಗೆ ನಮಸ್ಕಾರ.

ನಾನು ಸೌಟಕ್ಕ. ನನ್ನ ಬರವಣಿಗೆ ಮಾತಾಡಿದ ಹಾಗೇ ಇರುತ್ತೆ, ಹೊಟ್ಟೆಗೆ ಹಾಕ್ಕೊಳ್ಳಿ.

ನಿನ್ನೆ ಹುಡುಗಿ ಫೋನಲ್ಲಿ ನಿಮ್ಮ ನಂಬರ್ ಹುಡುಕಿ ಫೋನ್ ಮಾಡಿದ್ದೆ. ಹುಡುಗಿಗೆ ವಿಷಮಶೀತಜ್ವರ ಅಂದೆ. ನೀವು "ಶೀತಾನಾ? ಹಬೆ ತೊಗೊಳ್ಳಲಿ, ತಣ್ಣೀರು ಮುಟ್ಟೋದು ಬೇಡ" ಅಂದು ಇಟ್ಟುಬಿಟ್ರಿ. ಮತ್ತೆ ಮತ್ತೆ ಮಾಡಿದೆ, ನೀವು ಎತ್ತಲಿಲ್ಲ. ಇದೆಂಥ ಹೆಂಗಸು ಅಂತ ಬೈಕೊಂಡೆ. ಆಮೇಲೆ ವಿಳಾಸಕ್ಕೆ ಅಂತ ನಿಮ್ಮ ಕಾಗದ ಬಿಚ್ಚಿದೆ, ಅದರಲ್ಲಿ ನಿಮ್ಮ ಕಿವಿ ಸಮಾಚಾರ ಇತ್ತು. ಬೈದಿದ್ದನ್ನ ವಾಪಸ್ ತೊಗೊಂಡಿದ್ದೀನಿ.

ಶೀತ ಅಲ್ಲ ಅಮ್ಮ. ಟೈಫಾಯಿಡು. ಆಸ್ಪತ್ರೆಗೆ ಸೇರಿಸಿದ್ದೀವಿ. ಜ್ವರ ಇಳೀತಿಲ್ಲ, ಮಾತು ಹಳಿ ತಪ್ತಿದೆ. ಬೋರ್ಡು ಬೋರ್ಡು ಅಂತ ಕನವರಿಸ್ತಾಳೆ. ಕರುಳಿಗೆ ತೊಂದರೆ ಆಗೋ ಭಯ ಇದೆ, ಮನೆಯವರು ಇದ್ರೆ ಕರೆಸಿ ಅಂದ್ರು ಡಾಕ್ಟ್ರು. ಹೆತ್ತವರು ಇಲ್ಲ ಅಂತ ಮುಂಚೆನೇ ಹೇಳಿದ್ಲು. ನಿನ್ನ ಮನೆಯವರು ಯಾರು ಅಂತ ಕೇಳಿದ್ರೆ ಕಣ್ಣು ಮುಚ್ಕೊಂಡ್ಲು. ದಿಂಬಿನ ಪಕ್ಕ ಇದ್ದಿದ್ದು ನಿಮ್ಮ ಕಾಗದ ಮತ್ತೆ ಒಂದು ಫ್ಲಾಸ್ಕು. ಅದಕ್ಕೇ ನಿಮಗೆ ಬರೀತಿದ್ದೀನಿ.

'ನೋಡಿ, ಅವಳಲ್ಲಿ ಉಂಡವಳಿಗೇ ಬಂತು' ಅಂತಿದೆ ಬೀದಿ. ಅನ್ನಲಿ. ಒಲೆ ಆರಿಸಿ ಬಂದು ಇಲ್ಲೇ ಕೂತಿದ್ದೀನಿ. ಈ ಕಾಗದ ತರೋರು ಬಸ್ಸಿನ ಕಂಡಕ್ಟರು, ನಂಬಿಕಸ್ಥರು. ಅದೇ ಬಸ್ಸು ಸಾಯಂಕಾಲ ಈ ಕಡೆ ವಾಪಸ್ ಬರುತ್ತೆ.

ಇಂತಿ,
ಸೌಟಕ್ಕ


ಮೇ ೧೬

ಇವತ್ತೂ ಒಂದು ಸಾಲು ಖಾಲಿ. ಯಾಕೆಂದು ಕೊನೆಗೆ ಬರೆಯುತ್ತೇನೆ.

ನೀವು ಊರಿಗೆ ಹೊರಟ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕೋಣೆಗೆ ಬಂದು ನೋಡಿದರೆ, ಕುದಿಸಿ ಆರಿಸಿದ ನೀರು ಫ್ಲಾಸ್ಕಿನ ತುಂಬ ಇತ್ತು. ಹೊರಡುವ ಗಡಿಬಿಡಿಯಲ್ಲಿ ಅದನ್ನು ಯಾವಾಗ ತುಂಬಿಸಿದಿರೋ. ಕೂತು ಅತ್ತೆ. ನೋಡಿ, ಅತ್ತದ್ದನ್ನು ಬರೆಯಲು ಹೋದರೂ ನಿಮ್ಮ ಹೆಸರೇ ಬರುತ್ತದೆ.

ಆಸ್ಪತ್ರೆಗೆ ನೀವು ಬಂದದ್ದು ನನಗೆ ನೆನಪಿಲ್ಲ. ನೆನಪಿರುವುದು ಒಂದು ದನಿ. "ಮೂರನೇ ಎರಡಕ್ಕೆ ಆರನೇ ಒಂದು ಕೂಡಿದರೆ ಎಷ್ಟು?" ಸಾಯುವ ಹೊತ್ತಿನಲ್ಲಿ ಪರೀಕ್ಷೆ ಇರುತ್ತದೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಗಾಬರಿಯಾಗಿತ್ತು. ನನ್ನ ತಲೆ ಸರಿಯಿದೆಯೇ ಎಂದು ನೀವು ದಿನಾ ಬೆಳಿಗ್ಗೆ ಹೀಗೆ ನೋಡುತ್ತಿದ್ದಿರೆಂದು ಆಮೇಲೆ ತಿಳಿಯಿತು. ಯಾವುದೋ ಒಂದು ಬೆಳಿಗ್ಗೆ ನಾನು "ಆರನೇ ಐದು" ಎಂದೆನಂತೆ. ನೀವು "ಸರಿ" ಎಂದು ಎದ್ದು ವರಾಂಡಕ್ಕೆ ಹೋಗಿ ತುಂಬ ಹೊತ್ತು ಬರಲಿಲ್ಲವಂತೆ. ನರ್ಸ್ ಹೇಳಿದಳು.

ಉಳಿದದ್ದನ್ನು ಸೌಟಕ್ಕ ಹೇಳಿದಳು. ನೀವು ಬಂದ ಮರುದಿನವೇ ಅವಳಿಗೆ ಒಲೆ ಹಚ್ಚು ಎಂದಿರಂತೆ. ಮಧ್ಯಾಹ್ನ ಮುಂದಿನ ಬೆಂಚಿನಲ್ಲಿ ಕೂತು, ಕಿವಿ ಕೇಳಿಸದವರ ಎತ್ತರದ ದನಿಯಲ್ಲಿ "ಇನ್ನೊಂದು ಸೌಟು ಹಾಕಮ್ಮ, ಚೆನ್ನಾಗಿದೆ" ಎಂದಿರಂತೆ. ಬೀದಿಯ ಆ ತುದಿಗೂ ಕೇಳಿಸಿತಂತೆ. ನಾನು ಬಾಯಿ ಮುಚ್ಚಿಕೊಂಡು ಉಂಡಿದ್ದೇ ತಪ್ಪಾಯಿತು ಎಂದು ಈಗ ಅನ್ನಿಸುತ್ತಿದೆ. ಮೊದಲು ಬಂದು ನಿಮ್ಮ ಪಕ್ಕ ಕೂತವನು ಸೈಕಲ್ ಅಂಗಡಿಯವನೇ ಅಂತೆ. "ಟೀಚರೇ ಎರಡನೇ ಸಲ ಹಾಕಿಸ್ಕೊಳ್ತಿದ್ದಾರೆ ಅಂದ್ಮೇಲೆ" ಎಂದನಂತೆ.

ಒಡೆದ ಪೈಪು ಸಿಕ್ಕಿದ್ದು ಅವನ ಅಂಗಡಿಯ ಮುಂದೆಯೇ, ಚರಂಡಿಗೆ ತಾಗಿಕೊಂಡು. ನನ್ನ ಕೋಣೆಗೆ ಬರುತ್ತಿದ್ದದ್ದು ಅದೇ ನೀರು. ಸೌಟಕ್ಕ ಮೊದಲಿನಿಂದಲೂ ನೀರು ಕುದಿಸಿಯೇ ಇಡುತ್ತಿದ್ದಳು. ನೀರು ಕುದಿಸಿ ಕುಡಿಯಿರಿ ಎಂದು ಊರಿಗೆಲ್ಲ ಬರೆದ ನಾನು ಬಾಯಾರಿದಾಗ ನಲ್ಲಿಗೆ ಲೋಟ ಹಿಡಿಯುತ್ತಿದ್ದೆ. ಬೋರ್ಡು ಬರೆದವಳೊಬ್ಬಳೇ ಬೋರ್ಡು ಓದಿರಲಿಲ್ಲ.

ಆರೋಗ್ಯಾಧಿಕಾರಿಗಳು ನೋಡಲು ಬಂದಿದ್ದರು. "ಆ ಪದ ಬದಲಿಸೋ ಅಧಿಕಾರ, ಅದನ್ನ ಅನುಭವಿಸಿದವರಿಗೆ ಇದೆ ಅಂದ್ಕೊಳ್ಳೋಣ" ಎಂದರು. ಹೊಸ ಬೋರ್ಡನ್ನು ನಾನೇ ಬರೆದುಕೊಟ್ಟೆ. 'ಟೈಫಾಯಿಡ್. ಇದು ಕೆಟ್ಟ ನೀರಿನಿಂದ ಬರುವ ಜ್ವರ. ಯಾರೂ ಯಾರಿಗೂ ಹಾಕಿದ್ದಲ್ಲ. ನೀರು ಕುದಿಸಿ ಕುಡಿಯಿರಿ.' ಪೇಂಟರ್‌ಗೆ ಎಲ್ಲಿ ಸಾಲು ಮುರಿಯಬೇಕೆಂದು ಗೆರೆ ಹಾಕಿಕೊಟ್ಟೆ. ನಿಮ್ಮ ವಿಷಮ ಸೋತಿತು, ಕ್ಷಮಿಸಿ.

ಒಂದು ಪ್ರಶ್ನೆ ಉಳಿದಿದೆ. ಒಂದು ದಿನ ಜ್ವರದ ನಡುವೆ ನರ್ಸ್ ನಿಮ್ಮನ್ನು "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಿಮ್ಮ ಉತ್ತರ ಕೇಳಿಸಿಕೊಳ್ಳಬೇಕೆಂದು ಕಣ್ಣು ಬಿಡಲು ನೋಡಿದೆ. ಆಗಲಿಲ್ಲ. ಉತ್ತರ ಕೇಳುವ ಮೊದಲೇ ಮುಳುಗಿಹೋದೆ. ಈ ಖಾಲಿ ಸಾಲಿನಲ್ಲಿ ಏನು ಬರೆಯಬೇಕೆಂದು ಅದರಿಂದ ತಿಳಿಯುತ್ತಿತ್ತು. ಆಗ ಏನು ಹೇಳಿದಿರಿ?

ನೀವು ಬರದಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಇಂತಿ,
ಆರನೇ ಐದು


ಮೇ ೨೭

ಮಗು,

ಆರನೇ ಐದು ಸಾಕಾಗಲ್ಲ. ಉಳಿದ ಆರನೇ ಒಂದು ಮೈಗೆ ಬರುವವರೆಗೆ ಹೊತ್ತು ಹೊತ್ತಿಗೆ ಊಟ ಮಾಡು. ಸೌಟಕ್ಕನಿಗೆ ಕಾವಲು ವಹಿಸಿ ಬಂದಿದ್ದೇನೆ.

ನನ್ನ ವಿಷಮ ಸೋತದ್ದಕ್ಕೆ ಕ್ಷಮೆ ಕೇಳಬೇಡ. ನನಗೆ ಅದು ಸರಿಯಾದ ಶಾಸ್ತಿ. ಹೇಳಿದರೆ ತಿಳಿಯದ ಜನ ಎಲ್ಲೂ ಇಲ್ಲ ಎಂದು ದೊಡ್ಡದಾಗಿ ಬರೆದೆನಲ್ಲ, ಅಂಥ ಒಬ್ಬಳು ನನ್ನ ಮನೆಯಲ್ಲೇ ಇದ್ದಳು. ಒಂದೇ ಪದ. ನಿಮ್ಮ ಬೀದಿಯವರು ಬಾಲ ಕತ್ತರಿಸಿ ತಲೆ ಇಟ್ಟುಕೊಂಡು ಒಬ್ಬಳ ಬಾಗಿಲು ಮುಚ್ಚಿಸಿದರು. ನಾನು ತಲೆ ಕತ್ತರಿಸಿ ಬಾಲ ಇಟ್ಟುಕೊಂಡು, ಸಾವಿನ ದವಡೆಯಲ್ಲಿದ್ದವಳಿಗೆ ಹಬೆ ತೆಗೆದುಕೋ ಎಂದೆ. ಅರ್ಥ ಗೊತ್ತಿದ್ದವಳು ನಾನು. ಪದಕೋಶದಲ್ಲಿರುವ ಅರ್ಥ ಅರ್ಧ ಕಿವಿಯೊಳಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂದು ಈಗ ತಿಳಿಯಿತು. ಟೈಫಾಯಿಡ್ ಎಂದೇ ಬರೆ. ಕಂಡಕ್ಟರೂ ಅರ್ಥಮಾಡಿಕೊಳ್ಳುತ್ತಾನೆ, ಕಿವುಡಿಯೂ ಅರ್ಥಮಾಡಿಕೊಳ್ಳುತ್ತಾಳೆ.

ಆ ಕಂಡಕ್ಟರ್‌ಗೆ ಇನ್ನೊಮ್ಮೆ ನನ್ನ ನಮಸ್ಕಾರ ಹೇಳು. ಕಾಗದ ಕೊಟ್ಟು, ನಾನು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದ. ನೀರು ಕೊಡಲೇ ಎಂದರೆ "ಬೇಡ ಅಮ್ಮ, ಬ್ಯಾಗು ತುಂಬ್ಕೊಳ್ಳಿ" ಎಂದ. ಸೌಟಕ್ಕನಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಊರೇ ತನ್ನನ್ನು ಅನ್ನುತ್ತಿರುವಾಗ, ತನಗೆ ಏನೂ ಆಗದವಳ ತಲೆದೆಸೆಯಲ್ಲಿ ಒಲೆ ಆರಿಸಿ ಕೂತವಳು. ಅವಳ ಕೈಯ ಒಂದು ಸೌಟು ಹೆಚ್ಚಾಗಿ ಉಂಡು ಬಂದೆ. ಅಷ್ಟೇ ನಾನು ಮಾಡಿದ್ದು.

ನೀನು ಕೇಳುವುದಿಲ್ಲ ಎಂದ ಸುದ್ದಿಯನ್ನು ನಾನೇ ಬರೆಯುತ್ತೇನೆ. ಅವನು ಮತ್ತೆ ಮದುವೆಯಾಗುತ್ತಿದ್ದಾನೆ, ಮುಂದಿನ ತಿಂಗಳು, ರಿಜಿಸ್ಟರ್ ಆಫೀಸಿನಲ್ಲಿ. ಹುಡುಗಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಮಾತು ಕಡಿಮೆ, ನೋಟ ಚುರುಕು. ಮೊದಲೇ ಯಾಕೆ ಬರೆಯಲಿಲ್ಲವೆಂದರೆ, ಪೆನ್ನು ಹಿಡಿದಾಗಲೆಲ್ಲ ಬೇರೆ ವಿಷಯ ನೆನಪಾಗುತ್ತಿತ್ತು. ನಿನ್ನ ಕಾಯಿಲೆಯ ಸುದ್ದಿ ಬಂದ ದಿನ ಬಸ್ ಸ್ಟ್ಯಾಂಡಿಗೆ ಬ್ಯಾಗು ಹೊತ್ತು ತಂದವನು ಅವನೇ. ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತು, ಏನೋ ಹೇಳಲು ಬಾಯಿ ತೆರೆದು, "ಸ್ವೆಟರ್ ತೊಗೊಂಡಿದ್ದೀಯಾ ಅಮ್ಮ?" ಎಂದು ಕೇಳಿದ. ಕೆಟ್ಟವನಲ್ಲ ಎಂದು ನಿನಗೂ ಗೊತ್ತು. ನಿಮ್ಮಿಬ್ಬರದು ಕೂಡದ ಲೆಕ್ಕವಾಗಿತ್ತು, ಅಷ್ಟೇ.

ನಿನ್ನ ಪ್ರಶ್ನೆ ನೋಡಿದೆ. ಅದಕ್ಕೆ ಉತ್ತರ ಹೇಳಲು ನಾಚಿಕೆಯಾಗುತ್ತಿದೆ. ಸದ್ಯಕ್ಕೆ ಬಿಟ್ಟ ಸ್ಥಳವೆಂದು ಇಟ್ಟುಕೋ.

ಇಂತಿ,
ಅರ್ಧ ಕಿವಿ


ಜೂನ್ ೩೦

ಮದುವೆ ಚೆನ್ನಾಗಿ ನಡೆಯಿತೆಂದು ನಂಬಿದ್ದೇನೆ. ಇಬ್ಬರಿಗೂ ಒಳ್ಳೆಯದಾಗಲಿ. ಇದು ಶಿಷ್ಟಾಚಾರಕ್ಕೆ ಬರೆದದ್ದಲ್ಲ. ಬರೆದು ಮತ್ತೆ ಓದಿಕೊಂಡೆ, ಒಂದು ಪದವನ್ನೂ ಹೊಡೆದುಹಾಕಬೇಕಾಗಲಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಸೌಟಕ್ಕನ ಬೆಂಚುಗಳು ಭರ್ತಿ. ನನಗೆ ಮುಂದಿನ ಬೆಂಚು ಕಾದಿರಿಸಿ, ನಿಧಾನವಾಗಿ ಉಂಡರೆ "ಟೀಚರಮ್ಮಂಗೆ ಬರೀಲಾ?" ಎಂದು ಹೆದರಿಸುತ್ತಾಳೆ. ಹಳೆಯ ಬೋರ್ಡಿನ ಹಲಗೆಯನ್ನು ಸೈಕಲ್ ಅಂಗಡಿಯವನು ಕೇಳಿ ತೆಗೆದುಕೊಂಡ. ಮೇಲೆ ಬಿಳಿ ಬಣ್ಣ ಬಳಿದು 'ಪಂಕ್ಚರ್' ಎಂದು ಬರೆಸಿದ್ದಾನೆ. ಬಿಸಿಲು ಬಿದ್ದರೆ ಅಡಿಯಿಂದ 'ವಿಷ' ಇನ್ನೂ ಸ್ವಲ್ಪ ಕಾಣುತ್ತದೆ. ಅವನಿಗೆ ಚಿಂತೆಯಿಲ್ಲ.

ಕಚೇರಿಯಲ್ಲಿ ನನಗೊಂದು ಹೊಸ ಕೆಲಸ ಕೊಟ್ಟಿದ್ದಾರೆ. ಪ್ರಕಟಣೆ ಹೊರಡುವ ಮೊದಲು ಅದನ್ನು ನಲ್ಲಿಯ ಹತ್ತಿರ ನಿಂತವರಿಗೆ ಗಟ್ಟಿಯಾಗಿ ಓದಿ ತೋರಿಸಬೇಕು. ಅವರು ಏನೆಂದು ತಿಳಿದರೋ ಅದೇ ಅದರ ಅರ್ಥ. ಮೊನ್ನೆ 'ಆಮಶಂಕೆ ಇರುವವರು ಆಸ್ಪತ್ರೆಗೆ ಬನ್ನಿ' ಎಂದು ಓದಿದೆ. "ನಂಗೆ ಶಂಕೆ ಏನಿಲ್ಲ ಮೇಡಂ, ಖಾತ್ರಿಯಾಗಿ ಹೊಟ್ಟೆ ಕೆಟ್ಟಿದೆ. ಬರಬಹುದಾ?" ಎಂದರು ಒಬ್ಬರು. ನಿಮಗೆ ಹೇಳಬೇಕೆಂದು ಆಗಲೇ ಅನ್ನಿಸಿತು.

ಆ ಅನ್ನಿಸುವುದರ ಬಗ್ಗೆಯೇ ಬರೆಯಬೇಕಿತ್ತು. ಆ ಮನೆಗೆ ಈಗ ಒಬ್ಬಳು ಸೊಸೆ ಬಂದಿದ್ದಾಳೆ. ನನ್ನ ಕಾಗದ ನಿಮ್ಮ ಮೇಜಿನ ಮೇಲೆ ಬಿದ್ದಿರುವುದನ್ನು ಅವಳು ದಿನವೂ ನೋಡಬೇಕಾಗುತ್ತದೆ. ಹೊಸದಾಗಿ ಬಂದವಳಿಗೆ ಅದು ಕಷ್ಟ. ನಾನೂ ಒಮ್ಮೆ ಹೊಸದಾಗಿ ಬಂದವಳೇ, ನನಗೆ ಗೊತ್ತು. ನೀವು ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಪರವಾಗಿಲ್ಲ. ನರ್ಸ್‌ಗೆ 'ಪರಿಚಯದವಳು' ಎಂದು ಹೇಳಿದ್ದರೂ ನನಗೆ ಬೇಸರವಿಲ್ಲ, ಅದು ನಿಜವೇ. ಇನ್ನು ಮುಂದೆ ಬರೆಯುವುದು ಬೇಡವೆಂದರೆ ಒಂದು ಮಾತು ತಿಳಿಸಿ. ಫ್ಲಾಸ್ಕನ್ನು ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ನೀವು ಕೊಟ್ಟದ್ದು ಕಳಿಸಿದರೆ ಮುಗಿಯುವಂಥದ್ದಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇಂತಿ,
ಕೃತಜ್ಞಳು


ಜುಲೈ ೧೦

ನನ್ನ ಸೊಸೆಗೆ,

ಹೌದು, ಸರಿಯಾಗಿಯೇ ಓದಿದ್ದೀಯ. ಪೇಂಟರ್ ಎಲ್ಲೂ ತುಂಡು ಮಾಡಿಲ್ಲ.

ನಿನ್ನ ಕಾಗದ ಬಂದಾಗ ಮನೆಗೆ ಬಂದ ಹೊಸ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಓದುತ್ತಾ ಆಮಶಂಕೆಯ ಹತ್ತಿರ ಬಂದು ಜೋರಾಗಿ ನಕ್ಕೆ. ಕೊನೆಗೆ ಬಂದು ಕನ್ನಡಕ ತೆಗೆದೆ. ಅವಳು ಎರಡನ್ನೂ ನೋಡಿದಳು. "ಆಕೆ ನಿಮಗೆ ಏನಾಗಬೇಕು ಅತ್ತೆ?" ಎಂದು ಮೆಲ್ಲಗೆ ಕೇಳಿದಳು. ಎಲ್ಲ ಗೊತ್ತಿದ್ದೇ ಕೇಳಿದ್ದು. ಗ್ರಂಥಾಲಯದವಳಲ್ಲವೇ, ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯಬೇಕಿತ್ತು.

ನಾನು ನನ್ನ ಹಳೇ ಚಾಳಿಯಂತೆ ಕಾಗದದ ಹಿಂಬದಿಯಲ್ಲಿ ಐದು ಬರೆದು, ಅಡಿಗೆರೆ ಹಾಕಿ, ಕೆಳಗೆ ನಾಲ್ಕು ಬರೆದೆ. "ಇದೇನು?" ಎಂದೆ. "ವಿಷಮ ಭಿನ್ನರಾಶಿ" ಎಂದಳು. "ಅಂದರೆ?" "ಮೇಲಿರೋದು ದೊಡ್ಡದು." "ಅಂದರೆ?" ಸ್ವಲ್ಪ ಯೋಚಿಸಿದಳು. "ಭಾಗ ಮಾಡಿದ ಮೇಲೂ ಒಂದು ಪೂರ್ತಿ ಉಳಿಯುತ್ತೆ, ಮೇಲಷ್ಟು ಇನ್ನೂ ಇರುತ್ತೆ" ಎಂದಳು. "ಅದೇ ಅವಳು" ಎಂದೆ. ಅವಳು ಎದ್ದು ಹೋಗಿ, ಅಂಚೆಚೀಟಿ ಇರುವ ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟಳು. ಒಳ್ಳೆಯ ಹುಡುಗಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನಗೆ ಒಂದೇ ಕಾಲದಲ್ಲಿ ಇಬ್ಬರು. ಒಳ್ಳೆಯ ಕಾಲವೇ ಎಂದುಕೊಂಡಿದ್ದೇನೆ.

ನಲ್ಲಿಯ ಹತ್ತಿರ ನಿಂತವರು ಏನೆಂದು ತಿಳಿದರೋ ಅದೇ ಪದದ ಅರ್ಥ ಎಂದು ಬರೆದಿದ್ದೀಯಲ್ಲ. ಕೋರ್ಟು ಅತ್ತೆ ಎಂಬ ಪದದ ಅರ್ಥ ತೆಗೆದುಹಾಕಿರಬಹುದು. ಬಳಕೆಯನ್ನು ತೆಗೆಯಲು ಅದಕ್ಕೆ ಅಧಿಕಾರವಿಲ್ಲ. ನಿನ್ನ ಖಾಲಿ ಸಾಲು ನೋಡಿ ನೋಡಿ ನನಗೆ ಸಾಕಾಗಿದೆ. ಮುಂದಿನ ಕಾಗದದಲ್ಲಿ ಆ ಜಾಗ ತುಂಬಿರಬೇಕು. ಫ್ಲಾಸ್ಕ್ ಅಲ್ಲೇ ಇರಲಿ. ಮಳೆ ನಿಂತ ಮೇಲೆ ಬರುತ್ತೇನೆ, ಸೌಟಕ್ಕನಿಗೆ ಪಾತ್ರೆ ದೊಡ್ಡದೇ ಇಡಲು ಹೇಳು.

ಇನ್ನು ಆ ನರ್ಸ್. ಪರಿಚಯದವಳು ಎಂದೂ ಹೇಳಲಿಲ್ಲ, ಸೊಸೆ ಎಂದೂ ಹೇಳಲಿಲ್ಲ. ನಾಚಿಕೆ ಯಾಕೆಂದರೆ, ಇಷ್ಟು ವರ್ಷ ಪಾಠ ಮಾಡಿದವಳು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸಲಿಲ್ಲ. ಅವಳು ನಿನ್ನ ಬಗ್ಗೆ ಕೇಳಿದ್ದು ನೆಂಟಸ್ತಿಕೆಯನ್ನು. ಅವತ್ತು ಬಲಗಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಒಂದಕ್ಷರವೂ ತಪ್ಪದೆ ಕೇಳಿಸಿತು. ಆದರೆ ನಿನ್ನ ಹಣೆ ಕೆಂಡದಂತೆ ಸುಡುತ್ತಿತ್ತು, ನನ್ನ ಕೈ ಅದರ ಮೇಲಿತ್ತು. ಎಲ್ಲರೂ ಆ ಮಾತನ್ನು ಯಾವುದಕ್ಕೆ ಬಳಸುತ್ತಾರೆಂಬುದೇ ನನಗೆ ಮರೆತುಹೋಗಿತ್ತು.

"ಇವರು ನಿಮಗೆ ಏನಾಗಬೇಕು?" ಎಂದಳು.

"ವಾಸಿಯಾಗಬೇಕು" ಎಂದೆ.

ಇಂತಿ ನಿನ್ನ,
ಅತ್ತೆ